ಕಾಕು ಎಣಿಸಿದ ಕೋಟೆಗಳು

ಹೊಸ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದೆ. ಪೊಟ್ಟಣ ಹರಿದ ಕೂಡಲೇ ಮೂಗಿಗೆ ಹತ್ತಿ ಎರಡು ನಿಮಿಷದಲ್ಲಿ ಮಾಯವಾಗುತ್ತದೆ. ನಲವತ್ತು ದಾಟಿದರೂ ಆಟದ ಇಟ್ಟಿಗೆ ಜೋಡಿಸುವ ಚಟ ಬಿಡದ ನಮ್ಮಂಥವರು ಆ ಎರಡು ನಿಮಿಷಕ್ಕಾಗಿಯೇ ಅರ್ಧ ದುಡ್ಡು ಕೊಡುತ್ತೇವೆ ಎಂದರೆ ಸುಳ್ಳಲ್ಲ. ಕಳೆದ ತಿಂಗಳು ಐರೋಲಿಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಒಂದು ಮಧ್ಯಯುಗದ ಕೋಟೆ ಬಂದು ಕೂತಿತು. ಹೆಚ್ಚುಕಡಿಮೆ ಮೂರು ಸಾವಿರ ತುಂಡುಗಳು. ನಮ್ಮ ಹವ್ಯಾಸಿಗಳ ಬಳಗದ ಪುಟಕ್ಕೆ ಅದರ ವಿಮರ್ಶೆಯನ್ನು ನಾನು ಬರೆದುಕೊಡಬೇಕಿತ್ತು. ಮನೆಯವರು ಹದಿನೈದು ದಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು.

ಕೋಟೆ ಚೆನ್ನಾಗಿಯೇ ಇತ್ತು. ಗೋಡೆಗೆ ನಾಲ್ಕು ಥರದ ಬೂದು ಬಣ್ಣ, ಪಾಚಿ ಕಟ್ಟಿದ ಕಡೆ ಹಸಿರು. ಕಮ್ಮಾರನ ಕುಲುಮೆಯೊಳಗೆ ಪುಟ್ಟ ದೀಪ, ಒಲೆಯ ಹಿಂದೆ ಗುಟ್ಟಿನ ಬಾಗಿಲು, ಸೆರೆಮನೆಯ ಮೂಲೆಗೆ ಒಂದು ಇಲಿ ಕೂಡ. ಗುರಾಣಿಯ ಸಿಂಹಕ್ಕೆ ಚೀಟಿ ಅಂಟಿಸುವ ಗೋಳಿಲ್ಲ, ಅದು ಅಚ್ಚಾಗಿಯೇ ಬಂದಿದೆ. ಹಿಂಬದಿಯ ಗೋಪುರ ಮಾತ್ರ ಶುದ್ಧ ಬೇಸರ, ಒಂದೇ ಸಾಲನ್ನು ಹದಿನಾರು ಸಲ ಕಟ್ಟಬೇಕು. ಇಷ್ಟನ್ನು ಬರೆದಿಟ್ಟುಕೊಂಡು ಏಳನೆಯ ಪೊಟ್ಟಣ ಒಡೆದೆ. ಬಾಗಿಲ ಮುಂದಿನ ಎತ್ತುವ ಸೇತುವೆಗೆ ಸರಪಳಿ ಸಿಕ್ಕಿಸುವ ಕೊಕ್ಕೆ ಎರಡಿರಬೇಕಿತ್ತು, ಒಂದೇ ಇತ್ತು.

ನನ್ನ ಸಿಟ್ಟು ಗೊತ್ತಿದ್ದವರಿಗೆ ಗೊತ್ತು. ಸೋಫಾ ಸರಿಸಿದೆ, ಕಸದ ಬುಟ್ಟಿ ಬಗ್ಗಿಸಿದೆ, ಆಮೇಲೆ ಕಂಪನಿಗೆ ಖಾರವಾಗಿ ದೂರು ಬರೆದೆ. ಸಾಲದ್ದಕ್ಕೆ ವಿಮರ್ಶೆಯ ಕರಡಿನಲ್ಲೂ ಒಂದು ಸಾಲು ಸೇರಿಸಿದೆ: ಇಷ್ಟು ದುಡ್ಡು ಕಿತ್ತುಕೊಂಡವರಿಗೆ ಎಣಿಸಿ ತುಂಬುವಷ್ಟು ನಿಗಾ ಇಲ್ಲವೇ? ಮರುದಿನವೇ ಉತ್ತರ ಬಂತು. ತಪ್ಪು ನಮ್ಮದು, ಕ್ಷಮಿಸಿ, ತುಂಡನ್ನು ಕಳಿಸಿದ್ದೇವೆ ಎಂದು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೂರನೆಯ ದಿನ ಖಾಲಿ ಪೊಟ್ಟಣಗಳನ್ನು ಎಸೆಯುವಾಗ ಏಳನೆಯದರ ಮೂಲೆಯ ಮಡಿಕೆಯಲ್ಲಿ ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು. ಕೊಕ್ಕೆ ಅಲ್ಲೇ ಇತ್ತು.

ನಗು ಬರಬೇಕಿತ್ತು. ಬರಲಿಲ್ಲ. ಎಣಿಸಿದವರು ಸರಿಯಾಗಿಯೇ ಎಣಿಸಿದ್ದರು, ನಾನು ಅವರ ಲೆಕ್ಕ ತಪ್ಪೆಂದು ಊರಿಗೆಲ್ಲ ಸಾರಲು ಹೊರಟಿದ್ದೆ. ಈ ಕೆಲಸವನ್ನು ನಾನು ಮೊದಲೂ ಒಮ್ಮೆ ಮಾಡಿದ್ದೆ... ಡೊಂಬಿವಲಿಯಲ್ಲಿ, ಹತ್ತು ವರ್ಷದವಳಿದ್ದಾಗ.

ಆಗ ನಾವು ಎಂಐಡಿಸಿ ಎನ್ನುವ ಕಾರ್ಖಾನೆಗಳ ಪ್ರದೇಶದ ಪಕ್ಕದ ಒಂದು ಚಾಳಿನಲ್ಲಿದ್ದೆವು. ನನ್ನ ಅಪ್ಪ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು, ನಮ್ಮದು ಕರಾವಳಿಯ ಕನ್ನಡ. ಎದುರು ಖೋಲಿಯವರು ವಿಜಯಪುರ ಕಡೆಯಿಂದ ಬಂದವರು. ಯಜಮಾನರು ಬಣ್ಣದ ಕಾರ್ಖಾನೆಗೆ ಹೋಗುತ್ತಿದ್ದರು, ಅವರ ಅಂಗೈ ವರ್ಷವಿಡೀ ನೇರಳೆ. ಅವರ ಹೆಂಡತಿಯನ್ನು ಚಾಳಿನ ಮಕ್ಕಳೆಲ್ಲ, ಮರಾಠಿಯವರು ಕೂಡ, ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಎನ್ನುತ್ತಿದ್ದೆವು. ಶಾಲೆಯ ಮುಖ ಕಂಡವರಲ್ಲ ಕಾಕು. ಆದರೂ ಗಣಪತಿಯ ಲಾಡು ಹಂಚುವಾಗ ಎಷ್ಟು ಉಳಿದವು ಎಂಬುದರಿಂದ ಹಿಡಿದು ಬಸುರಿಯರ ದಿನದವರೆಗೆ ಎಲ್ಲದಕ್ಕೂ ಅವರದ್ದೇ ಲೆಕ್ಕ. ನಲ್ಲಿಯ ಮುಂದೆ ಸರದಿಗಾಗಿ ಜುಟ್ಟು ಹಿಡಿದುಕೊಂಡವರು ಸಹ ಕಾಕು ಹೇಳಿದ ಮೇಲೆ ಬಾಯಿ ಮುಚ್ಚುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಕುವಿನ ಮನೆಗೆ ಮೂಟೆ ಮೂಟೆ ಪ್ಲಾಸ್ಟಿಕ್ ಬರುತ್ತಿತ್ತು. ದೀಪಾವಳಿಗೆ ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ, ಅದರ ಮೇಲೆ ಸೈನಿಕರನ್ನು ನಿಲ್ಲಿಸುವುದು ಅಲ್ಲಿನ ಮಕ್ಕಳ ಪದ್ಧತಿ. ಅದನ್ನು ನೋಡಿಯೇ ಒಬ್ಬ ಆಟಿಕೆ ಕಾರ್ಖಾನೆಯವನು ಕಿಲ್ಲಾ ಸೆಟ್ ಎಂದು ಮಾಡಿ ಮಾರುತ್ತಿದ್ದ, ಅದರ ತುಂಡುಗಳನ್ನು ಎಣಿಸಿ ಚೀಲಕ್ಕೆ ತುಂಬುವ ಕೂಲಿ ಕಾಕುವಿನದು. ಬೂದು ಇಟ್ಟಿಗೆಗಳು, ಒಂದು ಬಾಗಿಲು, ಎಂಟು ಸೈನಿಕರು, ಎರಡು ಕುದುರೆ, ಒಬ್ಬ ರಾಜ. ಇಟ್ಟಿಗೆಗಳು ಒಂದಕ್ಕೊಂದು ಕಚ್ಚುತ್ತಿರಲಿಲ್ಲ, ಸೈನಿಕರಿಗೆ ಮೂಗು ಒಂದು ಕಡೆ, ಕಣ್ಣು ಒಂದು ಕಡೆ. ಇವತ್ತು ವಿಮರ್ಶೆಗೆ ಬಂದರೆ ಹರಿದು ತೋರಣ ಕಟ್ಟುತ್ತೇನೆ. ಆಗ ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ವಸ್ತು ಲೋಕದಲ್ಲಿರಲಿಲ್ಲ.

ಒಂದು ಸೆಟ್ಟಿಗೆ ನಲವತ್ತೆರಡು ತುಂಡು. ಕಾಕು ಅದನ್ನು ಅಂಕಿಯಲ್ಲಿ ಎಣಿಸುತ್ತಿರಲಿಲ್ಲ. ಊರಿನಿಂದ ತಂದ ಹಳೆಯ ಸೀರೆಗಳನ್ನು ಕತ್ತರಿಸಿ ಒಂದು ಚಿಕ್ಕ ಕೌದಿ ಹೊಲಿದುಕೊಂಡಿದ್ದರು. ಆರು ಸಾಲು, ಸಾಲಿಗೆ ಏಳು ಚೌಕ. ಇಂಥ ತುಂಡು ಇಂಥ ಚೌಕಕ್ಕೆ. ನಡುವಿನದೊಂದು ಕೆಂಪು ಚೌಕ ಅವರ ಮದುವೆಯ ಇಳಕಲ್ ಸೀರೆಯದು, ಅಲ್ಲಿ ರಾಜ. ಎಲ್ಲ ತುಂಬಿದ ಮೇಲೆ ಒಮ್ಮೆ ಕಣ್ಣಾಡಿಸಿ, ಎತ್ತಿ ಚೀಲಕ್ಕೆ ಹಾಕಿ, ಚೀಲದ ಬಾಯನ್ನು ಬ್ಲೇಡಿನ ಮೇಲೆ ಮಡಚಿ ಮೇಣದ ಬತ್ತಿಯ ಉರಿಗೆ ಎಳೆದರೆ ಒಂದು ಕೋಟೆ ಮುಗಿಯಿತು. ಒಂದು, ಎರಡು ಎಂದು ಯಾಕೆ ಎಣಿಸುವುದಿಲ್ಲ ಎಂದು ನಾನು ಕೇಳಿದ್ದೆ.

"ಅಂಕಿ ಬಾಯಾಗ ತಪ್ಪತಾವ ಮಗಳ. ಖಾಲಿ ಚೌಕ ಕಣ್ಣಿಗೆ ಚುಚ್ಚತೈತಿ," ಎಂದರು ಕಾಕು.

ಆ ವರ್ಷ ನನ್ನ ಮಣ್ಣಿನ ಕಿಲ್ಲಾಕ್ಕೆ ರಾಜನಿರಲಿಲ್ಲ. ಅಪ್ಪನನ್ನು ಕೇಳಿದರೆ ಬಟ್ಟೆ ಬೇಕೋ ಬೊಂಬೆ ಬೇಕೋ ಎಂದರು. ಒಂದು ಮಧ್ಯಾಹ್ನ ಕಾಕು ನೀರು ಹಿಡಿಯಲು ಹೋದರು. ಎಣಿಸಿ ತುಂಬಿದ ಏಳೆಂಟು ಚೀಲಗಳು ಬಾಯಿ ತೆರೆದುಕೊಂಡು ಗೋಡೆಗೆ ಒರಗಿದ್ದವು. ನಾನು ಒಂದರೊಳಗೆ ಕೈ ಹಾಕಿ ರಾಜನನ್ನು ತೆಗೆದು ಫ್ರಾಕಿನ ಜೇಬಿಗೆ ಇಳಿಸಿದೆ. ಅಷ್ಟೊಂದು ರಾಜರಿದ್ದಾರೆ, ಒಬ್ಬ ಹೋದರೆ ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಕಾಕು ತಿರುಗಿ ಬಂದು, ನನಗೊಂದು ಶೇಂಗಾ ಉಂಡೆ ಕೊಟ್ಟು, ಆ ಚೀಲಗಳ ಬಾಯಿ ಮುಚ್ಚಿದರು. ನಾನು ಉಂಡೆ ತಿನ್ನುತ್ತಾ ನೋಡಿದೆ.

ನಾಲ್ಕು ದಿನ ಬಿಟ್ಟು ಕಾರ್ಖಾನೆಯವನು ಸ್ಕೂಟರಿನಲ್ಲಿ ಬಂದ. ಮೂಟೆಯಿಂದ ಯಾವುದೋ ಒಂದು ಚೀಲ ಒಡೆದು ನೋಡಿದ್ದನಂತೆ, ಇಷ್ಟು ಚೀಲಗಳಲ್ಲಿ ಅವನ ಕೈಗೆ ಅದೇ ಸಿಗಬೇಕೇ! ಓಣಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಅದನ್ನು ಕಾಕುವಿನ ಬಾಗಿಲಲ್ಲಿ ಸುರಿದ.

"ಮೌಸಿ, ರಾಜಾ ಕಿಧರ್ ಹೈ?" ರಾಜ ಎಲ್ಲಿ ಎಂದು ಕೇಳಿದ.

ಕಾಕು ಒಳಗಿನಿಂದ ಕೌದಿ ತಂದು ಹಾಸಿದರು. ಒಂದೊಂದೇ ತುಂಡನ್ನು ಅದರದರ ಚೌಕದಲ್ಲಿಟ್ಟರು. ಕೊನೆಗೆ ಕೆಂಪು ಚೌಕ ಖಾಲಿ ಉಳಿಯಿತು. ಅವರು ಅದನ್ನು ನೋಡುತ್ತಾ ಕೂತರು. ನಾನು ಆ ಮುಖವನ್ನು ನೋಡಿದೆ. ನಿಂತ ನೆಲವೇ ಕಾಲಡಿಯಿಂದ ಸರಿದರೆ ಮನುಷ್ಯರಿಗೆ ಆಗುವ ಮುಖ ಅದು. ಕಾರ್ಖಾನೆಯವನು ಕೆಟ್ಟವನಲ್ಲ. ಒಂದೇ ತಾನೆ, ಮುಂದೆ ನೋಡಿಕೊಂಡು ಮಾಡಿ ಎಂದು ಹೇಳಿ ಹೋದ. ಕದ್ದರು ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕುಂಬಳಕಾಯಿ ಕಳ್ಳ ಎಂದಿದ್ದರೆ ನಾನು ಹೆಗಲು ಮುಟ್ಟಿಕೊಂಡು ಸಿಕ್ಕಿಬೀಳುತ್ತಿದ್ದೆನೇನೋ. ಕಾಕುವಿಗೆ ತಮ್ಮನ್ನು ಬಿಟ್ಟು ಇನ್ನೊಬ್ಬರ ಮೇಲೆ ಸಂಶಯವೇ ಹುಟ್ಟಲಿಲ್ಲ.

ಅಂದಿನಿಂದ ಅವರು ಪ್ರತಿ ಸೆಟ್ಟನ್ನೂ ಎರಡು ಸಲ ಕೌದಿಯ ಮೇಲೆ ಹರಡತೊಡಗಿದರು, ಆಮೇಲೆ ಮೂರು ಸಲ. ಬಾಯಿ ಮುಚ್ಚಿದ ಚೀಲವನ್ನು ಮತ್ತೆ ಹರಿಯುತ್ತಿದ್ದರು. ದಿನಕ್ಕೆ ಮೂವತ್ತು ಕೋಟೆ ಮುಗಿಸುತ್ತಿದ್ದವರು ಎಂಟಕ್ಕೆ ಇಳಿದರು. ಯಜಮಾನರು ಪಕ್ಕದ ಊರಾದ ಕಲ್ಯಾಣಕ್ಕೆ ಕರೆದೊಯ್ದು ಕಣ್ಣು ತೋರಿಸಿದರು. ಅವರು ತಿರುಗಿ ಬಂದಾಗ ನಾನು ಅವರ ಬಾಗಿಲಿಗೆ ಓಡಿದೆ. ಕಣ್ಣು ಕೆಟ್ಟಿದೆ, ಕನ್ನಡಕ ಕೊಟ್ಟಿದ್ದಾರೆ ಎಂದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ನನ್ನ ಆಸೆ. ಕಾಕು ಹೊಸ್ತಿಲ ಮೇಲೆ ಕೂತು ನನ್ನ ಅಮ್ಮನಿಗೆ ಹೇಳುತ್ತಿದ್ದರು:

"ಕಣ್ಣು ಚಲೋ ಅದಾವಂತ್ರೀ ಬಾಯಾರ. ಹಂಗಾರ ನನ್ನ ತಲೀನೇ ಕೆಟ್ಟೈತಿ."

ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಮ್ಮನ ಕೈಯ ಪೆಟ್ಟಿಗೆ ಹೆದರಿದೆ, ಅಷ್ಟೇ, ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ರಾಜನನ್ನು ಎದುರಿಗೆ ನಿಲ್ಲಿಸುವ ಧೈರ್ಯವಾಗದೆ ಕಿಲ್ಲಾದ ಗುಹೆಯೊಳಗೆ ಮುಚ್ಚಿಟ್ಟಿದ್ದೆ. ಹಬ್ಬ ಮುಗಿದ ಮೇಲೆ ಹುಡುಗರು ಕಿಲ್ಲಾ ಒಡೆದರು, ರಾಜ ಆ ಮಣ್ಣಿನಲ್ಲೇ ಹೋದ. ಸಂಕ್ರಾಂತಿಯ ಹೊತ್ತಿಗೆ ಕಾಕುವಿನ ಮನೆಗೆ ಬೇರೆ ಆಟಿಕೆಗಳ ಮೂಟೆ ಬರುವುದೂ ನಿಂತಿತು. ಅದೇ ಬೇಸಿಗೆಯಲ್ಲಿ ಅಪ್ಪನಿಗೆ ನೌಪಾಡಾದ ಹೋಟೆಲಿನಲ್ಲಿ ಕೆಲಸ ಸಿಕ್ಕಿತು, ನಾವು ಠಾಣೆ ಪಟ್ಟಣಕ್ಕೆ ಬಂದೆವು. ಡೊಂಬಿವಲಿಗೂ ಠಾಣೆಗೂ ನಡುವೆ ಇರುವುದು ಕೆಲವೇ ಸ್ಟೇಷನ್ನು. ಮೂವತ್ತೈದು ವರ್ಷದಲ್ಲಿ ಅಷ್ಟು ದೂರ ನನಗೆ ಹೋಗಲಾಗಲಿಲ್ಲ ಎಂದು ಯಾರಿಗೆ ಹೇಳಲಿ...

ಕೊಕ್ಕೆ ಸಿಕ್ಕಿದ ದಿನ ಹಳೆಯ ಚಾಳಿನವರ ಫೋನ್ ಗುಂಪಿನಲ್ಲಿ ಕಾಕುವಿನ ಮಗಳ ನಂಬರು ಹುಡುಕಿದೆ. ನನಗಿಂತ ಆರು ವರ್ಷ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ಕಲ್ಯಾಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಫೋನ್ ಮಾಡಿದಾಗ, ಕಾಕು ಹೋಗಿ ಮೂರು ವರ್ಷವಾಯಿತು ಎಂದರು. ನನ್ನ ಲೆಕ್ಕದಲ್ಲಿ ಕಾಕು ಇನ್ನೂ ಹೊಸ್ತಿಲ ಮೇಲೆ ಕೂತೇ ಇದ್ದರು. ಹೇಳಬೇಕಾದವರೇ ಇಲ್ಲ, ಹೋಗಿ ಏನು ಮಾಡಲಿ ಎಂದು ಎರಡು ಭಾನುವಾರ ತಳ್ಳಿದೆ. ಮೂರನೆಯ ಭಾನುವಾರ ಅವರ ಮನೆಗೆ ಹೋದೆ.

ಅಕ್ಕ ನನ್ನ ಗಲ್ಲ ಸವರಿ ಒಳಗೆ ಕರೆದರು. ಅವಲಕ್ಕಿ ಮಾಡಿದರು. ಗೋಡೆಯ ಮೇಲೆ ಕಾಕು, ಹಾರ ಹಾಕಿದ ಚೌಕಟ್ಟಿನೊಳಗೆ, ನಾನು ಕಂಡದ್ದಕ್ಕಿಂತ ತೀರ ಸಣ್ಣಗಾಗಿ. ಮಾತು ತಾನಾಗಿಯೇ ಅತ್ತ ತಿರುಗಿತು. ಅವ್ವನ ಮರೆವು ಆ ಕಿಲ್ಲಾ ಸೆಟ್ಟಿನ ಕಾಲದಿಂದಲೇ ಶುರುವಾಗಿತ್ತು ಎಂದು ಅಕ್ಕ ಹೇಳತೊಡಗಿದರು. ಆ ವರ್ಷದಿಂದ ಅಕ್ಕಿ ಅಳೆಯುವುದು, ಗ್ಯಾಸು ಬಂದ್ ಮಾಡುವುದು, ಔಷಧ ಕೊಡುವುದು ಎಲ್ಲವನ್ನೂ ಅಕ್ಕನೇ ವಹಿಸಿಕೊಂಡರಂತೆ, ಹತ್ತನೆಯ ಇಯತ್ತೆಯಲ್ಲಿದ್ದಾಗಲೇ. ಕಾಕು ಎಷ್ಟು ರೊಟ್ಟಿ ಬಡಿಯಲಿ ಎಂದು ಕೂಡ ಕೇಳಿಯೇ ಬಡಿಯುತ್ತಿದ್ದರಂತೆ. ಪಾಪ, ಅವ್ವ ಒಂದು ದಿನವೂ ಎದುರಾಡಲಿಲ್ಲ ಎಂದು ಅಕ್ಕ ಮೆಚ್ಚಿಕೊಂಡು ಹೇಳಿದರು.

ನಾನು ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟೆ. ತಟ್ಟೆ ಕೆಳಗಿಟ್ಟೆ.

"ಆ ರಾಜನನ್ನು ತೆಗೆದದ್ದು ನಾನು, ಅಕ್ಕ. ಚೀಲದೊಳಗಿಂದ. ಕಾಕು ಸರಿಯಾಗಿಯೇ ಎಣಿಸಿದ್ದರು."

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ನೀರಿನ ಹೊತ್ತು, ಗೋಡೆಗೆ ಒರಗಿದ ಚೀಲಗಳು, ಫ್ರಾಕಿನ ಜೇಬು, ಎಲ್ಲವನ್ನೂ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದುಕೊಂಡು ಕೂತೆ. ಆಗ ನಿನಗೆಷ್ಟು ವಯಸ್ಸು ಎಂದು ಕೇಳಿದರು. ಹತ್ತು ಎಂದೆ. ತನಗೆ ಹದಿನಾರಾಗಿತ್ತು, ತನಗೂ ಅವ್ವ ಸರಿಯಿರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲವಲ್ಲ ಎಂದರು. ಆಮೇಲೆ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಸುಮ್ಮನೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ನನ್ನ ಮಗ ಹುಟ್ಟಿದಾಗ ಅವ್ವ ಒಂದೇ ಕೇಳಿದ್ಲು," ಎಂದರು. "ನೀ ಅಂಗಡಿಗಿ ಹೋಗು, ಕೂಸಿನ್ನ ನಾ ನೋಡ್ಕೋತೀನಿ ಅಂತ. ನಾ ಬಿಡ್ಲಿಲ್ಲ. ಔಷಧ ಎರಡ್ ಸಲ ಹಾಕ್ತಾಳ, ಗ್ಯಾಸ್ ಮರೀತಾಳ ಅಂತ ಹೆದರಿಕಿ. ಬಾಜೂ ಮನಿಯಾಕಿಗೆ ಪಗಾರ ಕೊಟ್ಟು ಕೂಸಿನ್ನ ಆಕಿ ಕೈಯಾಗ ಇಟ್ಟು ಹೋಗ್ತಿದ್ದೆ. ದಿನಾ, ಅವ್ವನ ಮುಂದ."

ಇಷ್ಟು ಹೇಳಿ ಅವರು ಗೋಡೆಯ ಕಡೆ ತಿರುಗಿದರು. ನಾನು ಅಲ್ಲಿ ಇನ್ನೂ ಕೂತಿದ್ದೇನೆ ಎಂಬುದೇ ಅವರಿಗೆ ಮರೆತಂತಿತ್ತು. ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹತ್ತಬೇಕಿದ್ದವಳು ಎರಡು ಗಾಡಿ ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ಹತ್ತು ವರ್ಷದ ಹುಡುಗಿಯ ಜೇಬಿನಲ್ಲಿ ಹಿಡಿದ ಒಂದು ಬೊಂಬೆ ಒಂದು ಕೂಸನ್ನು ಅದರ ಅಜ್ಜಿಯ ತೊಡೆಯಿಂದ ಎತ್ತಿಕೊಂಡು ಹೋಗಬಲ್ಲದು ಎಂದರೆ ಇವತ್ತಿಗೂ ನನಗೆ ನಂಬಲಾಗುತ್ತಿಲ್ಲ.

ಬಳಗದವರು ವಿಮರ್ಶೆ ಎಲ್ಲಿ ಎಂದು ಕೇಳುತ್ತಲೇ ಇದ್ದಾರೆ. ಕೋಟೆ ಚೆನ್ನಾಗಿದೆ, ದುಡ್ಡಿದ್ದವರು ಕೊಳ್ಳಬಹುದು. ಅದಕ್ಕಿಂತ ಹೆಚ್ಚು ಬರೆಯಲು ಕೂತರೆ ಕೈ ಇಲ್ಲಿಗೇ ಬರುತ್ತದೆ. ಕಾಕು ನಲವತ್ತೆರಡರಲ್ಲಿ ಒಂದರಲ್ಲೂ ತಪ್ಪಿರಲಿಲ್ಲ. ಅವರು ಬದುಕಿದ್ದಷ್ಟೂ ವರ್ಷ ಆ ಮಾತನ್ನು ಅವರಿಗೆ ಹೇಳಬಲ್ಲವಳು ಇಡೀ ಲೋಕದಲ್ಲಿ ನಾನೊಬ್ಬಳೇ ಇದ್ದೆ.