ಗುಡ್ಡದ ಮೇಲಿನ ಮೂರು ಬೀಗ

ಬೀಗ ರಿಪೇರಿ ಮಾಡುತ್ತಿದ್ದ ಅವರನ್ನು ಬೀದಿಯವರೆಲ್ಲ ಕೋಟೆ ಯಜಮಾನರು ಎನ್ನುತ್ತಿದ್ದರು. ಕೋಟೆಯೆಂದರೆ ಗುಡ್ಡದ ಮೇಲಿನ ಒಂದು ಕೋಣೆ. ಕೆಳಗೆ ನೆರೆಯೋ ಗಲಭೆಯೋ ಆದರೆ ಗಂಡಹೆಂಡತಿ ಹೋಗಿ ಇರಲೆಂದು ಕಟ್ಟಿದ್ದು. ಭಾನುವಾರ ಬಂತೆಂದರೆ ಹೋಗಿ ಅದನ್ನು ಇನ್ನಷ್ಟು ಭದ್ರ ಮಾಡಿ ಬರುತ್ತಿದ್ದರು. ಬಾಗಿಲಿಗೆ ಮೂರು ಬೀಗ, ಸುತ್ತ ಮುಳ್ಳುತಂತಿ, ತಂತಿಗೆ ಕಟ್ಟಿದ ಖಾಲಿ ಡಬ್ಬಗಳು. ಒಳಗೆ ದೈತ್ಯನಿದ್ದಾನೆಂದು ಕಳ್ಳ ಹೆದರಲಿ ಅಂತ ಹೊಸ್ತಿಲಲ್ಲಿ ಹನ್ನೆರಡನೇ ನಂಬರಿನ ಬೂಟು. ತಾವೋ ಐದಡಿಯ ಆಳು, ಆ ಬೂಟಿಗೆ ವಾರವಾರ ಪಾಲಿಶ್ ಬೇರೆ. ಹೆಂಡತಿಗೆ ಮೊಣಕಾಲು ನೋವು, ಅವಳು ಗುಡ್ಡ ಹತ್ತಿದವಳೇ ಅಲ್ಲ. "ರೀ, ಅಷ್ಟೆತ್ತರ ಹತ್ತಿ ಬರೋ ಕಳ್ಳನಿಗೆ ಮೊದಲು ಕುಡಿಯೋಕೆ ನೀರು ಕೊಡಿ," ಎಂದು ನಗುತ್ತಿದ್ದಳು. "ನಗು, ನಗು. ನಿನಗೆ ಕೊಟ್ಟ ಕೀಲಿ ಎಲ್ಲಿಟ್ಟಿದ್ದೀಯ, ಹೇಳು ನೋಡೋಣ?" ಎನ್ನುತ್ತಿದ್ದರು. ಅವಳಿಗೆ ಒಂದು ದಿನವೂ ನೆನಪಿದ್ದದ್ದಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಈ ವರ್ಷ ಹೊಳೆ ಉಕ್ಕಿ ಮನೆಯೊಳಗೆ ನೀರು ನುಗ್ಗಿತು. ಅವಳು ಕೂತು ಕೂತು ಒಬ್ಬಳೇ ಗುಡ್ಡ ಹತ್ತಿದಳು. ಬಾಗಿಲ ಮುಂದೆ ನಿಂತು ನೋಡಿದರೆ ಗಂಡನ ಗೊಂಚಲಿನಲ್ಲಿ ಎರಡೇ ಕೀಲಿ. ಮೂರನೆಯದು, ಅವಳಿಗೆ ಕೊಟ್ಟಿದ್ದು, ಕೆಳಗೆಲ್ಲೋ ನೀರಿನಲ್ಲಿ. ಡಬ್ಬಗಳನ್ನೆಲ್ಲ ಗಡಗಡ ಅನ್ನಿಸುತ್ತ ಅಳುತ್ತಲೇ ಕೋಣೆಯ ಹಿಂದಕ್ಕೆ ಬಂದಳು. ಅಲ್ಲಿ ಸರಳಿಲ್ಲದ ಒಂದು ಕಿಟಕಿ. ಅದರ ಕೆಳಗೆ ಕಲ್ಲಿನ ನಾಲ್ಕು ಮೆಟ್ಟಿಲು, ನೋಯುವ ಕಾಲು ಎತ್ತಿಡುವಷ್ಟೇ ಗಿಡ್ಡ ಗಿಡ್ಡ. ಹತ್ತಿ ಕಿಟಕಿ ತಳ್ಳಿದಳು. ಒಂದು ಚಿಲಕವನ್ನೂ ಇಟ್ಟಿರಲಿಲ್ಲ ಪುಣ್ಯಾತ್ಮ.