ಅಕ್ಕನ ಕಿವಿಗೆ ತಮ್ಮ ತಂದ ಹನಿ

ಭಾವ ಅವನಿಗಿಟ್ಟ ಹೆಸರು ಸದ್ದಿನ ಸರದಾರ. ಟಿವಿ ಧಾರಾವಾಹಿಯೊಂದರ ಮಾತು, ಸಂಗೀತ, ಬಾಗಿಲು ಬಡಿಯುವ ಶಬ್ದ, ಎಲ್ಲವನ್ನೂ ಹದವಾಗಿ ಬೆರೆಸುವುದು ಅವನ ಕೆಲಸ. ಗೋಡೆಗೆಲ್ಲ ಸ್ಪಂಜು ಹೊದಿಸಿದ ಕೋಣೆಯಲ್ಲಿ, ಆಳೆತ್ತರದ ಸ್ಪೀಕರುಗಳ ಮುಂದೆ ಕೂತು, ಗುಂಡಿಗಳನ್ನು ಮೇಲೆ ಕೆಳಗೆ ಜಾರಿಸುತ್ತಲೇ ಕೂದಲು ನರೆಸಿಕೊಂಡವನು. ತನ್ನ ಕೆಲಸದಲ್ಲಿ ಯಾರೂ ಕೊಂಕು ತೆಗೆಯಲಾರರೆಂಬ ಬಿಂಕ ಬೇರೆ.

ವಯಸ್ಸಾದವರು ಕಚೇರಿಗೆ ಫೋನು ಮಾಡಿ ದೂರುವುದಿತ್ತು. ಸಂಗೀತದ ಅಬ್ಬರದಲ್ಲಿ ಮಾತೇ ತಿಳಿಯುವುದಿಲ್ಲ, ಟಿವಿ ಜೋರು ಮಾಡಿದರೆ ಸಂಗೀತವೂ ಜೋರಾಗುತ್ತದೆ ಎನ್ನುತ್ತಿದ್ದರು. ತನಗೆ ಒಂದೊಂದು ಅಕ್ಷರವೂ ಕೇಳುತ್ತಿರುವಾಗ ಇವರದೇನು ರಗಳೆ ಎಂದು ಅವನಿಗೆ ಸಿಡಿಮಿಡಿ. "ಮೊದ್ಲು ಕಿವಿ ತೋರಿಸ್ಕೊಳ್ಳೋಕೆ ಹೇಳಿ" ಎಂದುಬಿಡುತ್ತಿದ್ದ ಫೋನು ತೆಗೆಯುವ ಹುಡುಗಿಗೆ.

ಅವನನ್ನು ಸಾಕಿದವಳು ಅಕ್ಕ. ತಾಯಿಯಿಲ್ಲದ ತಮ್ಮನ ಕೈಹಿಡಿದುಕೊಂಡೇ ಗಂಡನ ಮನೆಗೆ ಬಂದವಳು. ಅವನ ಧಾರಾವಾಹಿಯನ್ನು ತಪ್ಪದೆ ನೋಡುತ್ತಿದ್ದಳು, ಕೊನೆಯಲ್ಲಿ ಸರಿದುಹೋಗುವ ಹೆಸರುಗಳಲ್ಲಿ ಅವನದು ಬರುವ ತನಕ ಏಳುತ್ತಿರಲಿಲ್ಲ. ಕಥೆ ಎಲ್ಲಿಗೆ ಬಂತೆಂದು ಅವನು ಒಮ್ಮೆ ಕೇಳಿದ್ದಕ್ಕೆ ತಡವರಿಸಿದಳು. ಆಮೇಲೆ ತಲೆ ತಗ್ಗಿಸಿ, ಈಗೀಗ ಕಿವಿ ಮಂದವಾಗಿದೆಯೆಂದು ಒಪ್ಪಿಕೊಂಡಳು. ಪಕ್ಕದ ಮನೆಯವರ ಜೊತೆ ಟಿವಿ ನೋಡುವುದನ್ನೂ ಬಿಟ್ಟಿದ್ದಳಂತೆ, ಅವರೇನಾದರೂ ಕೇಳಿದರೆ ಮರ್ಯಾದೆ ಹೋಗುತ್ತದೆಂದು. ಭಾವನಂತೂ ಕಿವುಡಮ್ಮ ಎಂದು ಛೇಡಿಸುತ್ತಿದ್ದ. ತಮ್ಮನೋ ಮರುದಿನವೇ ಔಷಧಿ ಅಂಗಡಿಯಿಂದ ಕಿವಿಗೆ ಬಿಡುವ ಹನಿ ತಂದುಕೊಟ್ಟ. ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ.

ಒಂದು ರಜೆಯ ಸಂಜೆ ಅಕ್ಕ, ಭಾವ ಇಬ್ಬರ ಜೊತೆ ಕೂತು ತನ್ನ ಧಾರಾವಾಹಿ ನೋಡಿದ. ತಂದೆಯೊಬ್ಬ ಮಗಳಿಗೆ ಗುಟ್ಟು ಹೇಳುವ ದೃಶ್ಯ. ಪಿಟೀಲುಗಳು ಮೊರೆಯುತ್ತಿದ್ದವು. ಅಕ್ಕ ಮುಂದಕ್ಕೆ ಬಾಗಿ ನಟನ ತುಟಿಯನ್ನೇ ನೋಡುತ್ತಿದ್ದಳು. ಎಲ್ಲ ಮುಗಿದು, ಟಿವಿ ಆರಿಸಿ, ಅವಳು ಅಡುಗೆಮನೆಗೆ ಹೋದ ಮೇಲೆ ಅವನು ಭಾವನಿಗೆ ಪಿಸುದನಿಯಲ್ಲಿ, ಅಕ್ಕ ಸೊರಗಿದ್ದಾಳೆ ಎಂದ.

"ಸೊರಗಿಲ್ಲ ಕಣೋ, ವಯಸ್ಸಾಯ್ತು" ಎಂದು ಒಳಗಿನಿಂದ ಉತ್ತರ ಬಂತು.

ಪಿಸುಮಾತು ಅಡುಗೆಮನೆಯವರೆಗೆ ಕೇಳಿಸುವ ಕಿವಿ ಮಂದವೇ? ಆ ತಂದೆ ಮಗಳಿಗೆ ಹೇಳಿದ್ದೇನೆಂದು ಭಾವನನ್ನು ಕೇಳಿದ. ಛೇಡಿಸುವ ಭಾವ ಕೆಮ್ಮಿ ಮಾತು ಹಾರಿಸಿದ. ಅಲ್ಲಿಗೆ ಆ ಮಾತು ಕೇಳಿಸಿದ್ದು ಸರದಾರನೊಬ್ಬನಿಗೇ, ಅದೂ ಕೋಣೆಯಲ್ಲಿ ಮತ್ತೆ ಮತ್ತೆ ಕೇಳಿ ಬಾಯಿಪಾಠವಾಗಿತ್ತೆಂದು. ಇವರಿಗೆ ಸಿಗುವುದು ಒಂದೇ ಸಲ, ಡಬ್ಬಿಯಂಥ ಸ್ಪೀಕರಿನಿಂದ. ಫೋನು ಮಾಡಿದ ಹಿರಿಯರೆಲ್ಲ ನೆನಪಾಗಿ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇದ್ದದ್ದನ್ನು ಹೇಳಲು ಬಾಯಿಯೂ ಬರಲಿಲ್ಲ. ಊಟಕ್ಕೂ ನಿಲ್ಲದೆ ಹೊರಟುಬಿಟ್ಟ.

ಕಚೇರಿಯ ಕಾವಲುಗಾರನ ಹಳೇ ಟಿವಿಯನ್ನು ತನ್ನ ಕೋಣೆಗೆ ತಂದಿಟ್ಟುಕೊಂಡ. ಮುಂದಿನ ಕಂತಿನಲ್ಲಿ ಮಾತು ಬಂದಲ್ಲೆಲ್ಲ ಸಂಗೀತ ತಗ್ಗಿಸಿ, ಅದನ್ನು ಆ ಟಿವಿಯಲ್ಲೇ ಹಾಕಿ, ಕಥೆಯ ಗಂಧಗಾಳಿಯಿಲ್ಲದ ಆ ಕಾವಲುಗಾರನನ್ನೇ ಕೂರಿಸಿ, ಏನು ಕೇಳಿಸಿತೆಂದು ವಿಚಾರಿಸಿದ. ಕೇಳಿಸದ ಕಡೆ ಮತ್ತೆ ತಗ್ಗಿಸಿದ. ಎಲ್ಲ ಸಪ್ಪೆಯಾಯಿತೆಂದು ನಿರ್ದೇಶಕ ಮುಖ ಸಿಂಡರಿಸಿದರೂ ಜಗ್ಗಲಿಲ್ಲ.

ಆ ಕಂತು ಪ್ರಸಾರವಾದ ಕೂಡಲೇ ಅಕ್ಕನ ಫೋನು. ಎಲ್ಲವೂ ಕೇಳಿಸಿತಂತೆ. ಇಷ್ಟು ದಿನ ಮನೆಗೆಲಸದವಳು ಅಂದುಕೊಂಡಿದ್ದವಳು ನಾಯಕಿಯ ಸ್ವಂತ ಚಿಕ್ಕಮ್ಮನಂತೆ. ಅವಳ ದನಿಯಲ್ಲಿ ಸಂಭ್ರಮ ಉಕ್ಕುತ್ತಿತ್ತು.

"ನೀನು ತಂದ ಹನಿ ಹಿಡೀತು ಕಣೋ. ನಿನ್ ಕೈಗುಣ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನಾಚಿಕೆಯಿಂದ ಅವನ ಕಿವಿಯೇ ಬಿಸಿಯಾಯಿತು.

"ಹನಿ ಅಲ್ಲಕ್ಕ. ನಿನ್ ಕಿವಿ ಯಾವತ್ತೂ ಚೆನ್ನಾಗೇ ಇತ್ತು. ನಾನೇ ಸಂಗೀತ ಜಾಸ್ತಿ ಇಡ್ತಿದ್ದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹಾಗಾದ್ರೆ ಇಷ್ಟು ದಿನ ಸುಮ್‌ಸುಮ್ನೆ ನಾಚ್ಕೊಂಡು ಕೂತಿದ್ನಲ್ಲೋ" ಎಂದಳು ಅಕ್ಕ.