ಸಾಲಿನಲ್ಲಿ ನಿಂತ ಚೀಲ

ಬೂದಿಕೋಟೆಯ ಬಸ್ ಸ್ಟ್ಯಾಂಡಿನ ಹಿಂದೆ ಕುಡಿಯುವ ನೀರಿನ ಘಟಕವಿದೆ. ಬೆಳಗಾದರೆ ಅದರ ಮುಂದೆ ಮನುಷ್ಯರಿಗಿಂತ ಮೊದಲು ಕ್ಯಾನುಗಳು ಬಂದು ನಿಲ್ಲುತ್ತವೆ. ಹಾಲು ಕರೆಯಬೇಕು, ಡೈರಿಗೆ ಹಾಕಬೇಕು, ಬಂಗಾರಪೇಟೆಗೆ ಹೋಗಿ ರೈಲು ಹಿಡಿಯುವವರಿಗೆ ಡಬ್ಬಿ ಕಟ್ಟಬೇಕು. ನಿಂತುಕೊಳ್ಳಲು ಯಾರಿಗಿದೆ ಪುರುಸೊತ್ತು? ಕ್ಯಾನು ಇಟ್ಟು ಹೋದರೆ ಆಯಿತು. ಮುಂದಿನದು ಸರಿದಾಗ ಹಿಂದೆ ಇದ್ದವರು ನಮ್ಮದನ್ನೂ ಕಾಲಲ್ಲಿ ತಳ್ಳುತ್ತಾರೆ. "ಇದು ತಾಯಮ್ಮ, ಅದು ನಾನು, ನನ್ನಿಂದೆ ಸುಮಲತ" ಎಂದು ಕ್ಯಾನುಗಳನ್ನೇ ಬೊಟ್ಟು ಮಾಡಿ ತೋರಿಸುತ್ತಾರೆ. ಇಟ್ಟುಹೋದ ಕ್ಯಾನನ್ನು ಹಿಂದಕ್ಕೆ ಹಾಕಿ ಮುಂದೆ ನುಗ್ಗಿದವರಿಗೆ ಆ ಊರಿನ ಹೆಂಗಸರು ಮಾಡುವ ಮಂಗಳಾರತಿಯನ್ನು ನಾನಿಲ್ಲಿ ಬರೆಯುವಂತಿಲ್ಲ.

ಸುಮಲತಳ ಕ್ಯಾನಿನ ಹಿಡಿಗೆ ಕೆಂಪು ಬ್ಲೌಸ್ ಬಟ್ಟೆಯ ಚೂರು ಕಟ್ಟಿರುತ್ತದೆ. ಆಕೆ ಟೈಲರ್. ಸೀರೆಗೆ ಫಾಲ್ ಹಾಕುವುದು, ಬ್ಲೌಸ್ ಹೊಲಿಯುವುದು, ಹಬ್ಬದ ಮುಂಚೆ ಊಟ ನಿದ್ದೆ ಬಿಟ್ಟು ಹೊಲಿಯುವುದು. ಕೂಸಾಗಿದ್ದಾಗ ಬಂದ ಜ್ವರ ಎಡಗಾಲಿನ ಬಲವನ್ನು ಕಿತ್ತುಕೊಂಡು ಹೋಯಿತು. ಅಂದಿನಿಂದ ಮೊಣಕಾಲಿನ ಮೇಲೆ ಅಂಗೈ ಊರಿ, ಒಂದು ಕಡೆಗೆ ವಾಲಿ ನಡೆಯುತ್ತಾಳೆ. ನಡೆಯುವುದಕ್ಕೆ ತೊಂದರೆಯಿಲ್ಲ. ನಿಂತುಕೊಂಡರೆ ಮಾತ್ರ ಸೊಂಟ ಸಿಡಿಯುತ್ತದೆ.

ಆದ್ದರಿಂದ ಚಿಕ್ಕಂದಿನಿಂದ ಆಕೆ ಕೇಳಿರುವುದು ಒಂದೇ ಮಾತು: "ನಿಂಗ್ಯಾಕಮ್ಮ ಕಷ್ಟ, ಓಗಿ ಕೂತ್ಕೋ." ರೇಷನ್ ಅಂಗಡಿಯಲ್ಲಿ ಇದೇ ಮಾತು, ಓಟು ಹಾಕುವಲ್ಲಿ ಇದೇ ಮಾತು, ಮದುವೆ ಮನೆಯಲ್ಲಿ ಊಟದ ಹಾಲ್‌ ಬಾಗಿಲಲ್ಲೂ ಇದೇ. ನೀರಿನ ಘಟಕದಲ್ಲಿ ಕ್ಯಾನು ಇಟ್ಟ ಕೂಡಲೇ ಪಕ್ಕದ ಮನೆಯ ಅಮ್ಮಾಜಮ್ಮ ಆಕೆಯನ್ನು ಮೋರಿ ಕಟ್ಟೆಗೆ ಅಟ್ಟಿಬಿಡುತ್ತಾಳೆ. ಪಾಪ, ಎಲ್ಲರೂ ಒಳ್ಳೆಯವರೇ. ಕೆಟ್ಟವರಾಗಿದ್ದರೆ ನಾಲ್ಕು ಬೈದಾದರೂ ಎದೆ ಹಗುರ ಮಾಡಿಕೊಳ್ಳಬಹುದಿತ್ತು.

ಸಂಕಟವೇನೆಂದರೆ, ಊರು ಇರುವುದೇ ಆ ಸಾಲಿನಲ್ಲಿ. ಯಾರ ಹಸು ಗಬ್ಬವಾಯಿತು, ಯಾರ ಸೊಸೆ ತವರಿಗೆ ಹೋದಳು, ಯಾವ ಹುಡುಗಿ ಯಾರ ಬೈಕಿನ ಹಿಂದೆ ಕೂತಿದ್ದಳು, ಎಲ್ಲ ಅಲ್ಲಿ. ನಗು ಮೋರಿ ಕಟ್ಟೆಯವರೆಗೂ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ. ಏನೆಂದು ಆಮೇಲೆ ಕೇಳಿದರೆ, "ಏನಿಲ್ಲ ಬಿಡು, ಇಂಗೇ" ಎನ್ನುತ್ತಾರೆ. ನಿಜವೇ, ನಗು ಆರಿದ ಮೇಲೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಸುಮಲತಳಿಗೆ ಇದು ಎಷ್ಟು ನೋಯುತ್ತಿತ್ತೆಂದು ಆಕೆ ಯಾರಿಗೂ ಹೇಳಿದವಳಲ್ಲ. ಹೇಳಿದರೆ ಕೊಬ್ಬು ಎಂದಾರು.

ಅಂಥ ಬಾಳಿನಲ್ಲಿ ಒಂದು ಜೀವ ಮಾತ್ರ ಆಕೆಯನ್ನು ಕೂತ್ಕೋ ಎನ್ನದೆ ಎಬ್ಬಿಸಿ ಎಳೆದಾಡಿತ್ತು. ಅದು ತಮ್ಮ ಕಾಂತರಾಜನ ಮಗಳು ಸೌಂದರ್ಯಾ. ಕಾಂತರಾಜ್ ಮತ್ತು ಅವನ ಹೆಂಡತಿ ರಾಧ ಇಬ್ಬರೂ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಬರುವವರು. ಮಗು ಬೆಳೆದದ್ದು ಸುಮಲತಳ ಮಿಷನ್ನಿನ ಕೆಳಗೆ, ಚೂರುಬಟ್ಟೆಗಳ ನಡುವೆ. ಜಡೆ ಹಾಕಿದ್ದು, ಅನ್ನ ಕಲಸಿದ್ದು, ಸ್ಕೂಲಿನಲ್ಲಿ ಟೀಚರ ಹತ್ತಿರ ಬೈಸಿಕೊಂಡದ್ದು, ಎಲ್ಲ ಈ ಅತ್ತೆಯೇ.

ಒಂದು ಸಲ ರಾಬರ್ಟ್‌ಸನ್‌ಪೇಟೆ ಮೈದಾನಕ್ಕೆ ಎಕ್ಸಿಬಿಷನ್ ಬಂದಿತ್ತು. ಅತ್ತೆ ಸೊಸೆ ಇಬ್ಬರೇ ಹೋದರು. ದೊಡ್ಡ ಚಕ್ರದ ಮುಂದೆ ಸಾಲು ನೋಡಿದರೆ ಮೈದಾನದ ಆಚೆ ತುದಿಗೆ ಮುಟ್ಟಿತ್ತು. ಸುಮಲತ ನಿಂತಳು, ನಿಂತಳು, ಕೊನೆಗೆ ಕಾಲು ಕೈಕೊಟ್ಟಿತು. ಮುಂದಿದ್ದವರು ಮಗುವನ್ನು ನಾವು ಕರೆದುಕೊಂಡು ಹೋಗುತ್ತೇವೆ, ನೀವು ಕೂತ್ಕೊಳ್ಳಿ ಎಂದರು. ಸೌಂದರ್ಯಾ ಅತ್ತೆಯ ಸೆರಗು ಹಿಡಿದು ರಂಪ ಮಾಡಿದಳು: ಅತ್ತೆ ಬರದಿದ್ದರೆ ನಾನೂ ಹತ್ತಲ್ಲ. ಇಬ್ಬರೂ ಬಜ್ಜಿ ತಿಂದು ಬಸ್ಸು ಹತ್ತಿದರು. ದಾರಿಯಲ್ಲಿ ಸುಮಲತ ಹೇಳಿದಳು: "ನೀ ದೊಡ್ಡೋಳಾಗು. ಆಗ ಇಬ್ರೂ ಒಟ್ಟಿಗೆ ಚಕ್ರ ಅತ್ತಾಣ." ಮಗು ಮರೆಯಿತೋ ಏನೋ, ಮಾತು ಕೊಟ್ಟವಳು ಮರೆಯಲಿಲ್ಲ.

ಈಗ ಸೌಂದರ್ಯಾಗೆ ಮದುವೆ ಗೊತ್ತಾಗಿದೆ. ಹುಡುಗ ಅನಿರುದ್ಧ, ಗದಗದ ಕಡೆಯವನು, ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ. ಊರಿಗಾಂನಲ್ಲಿ ಮನೆ ಹಿಡಿದಿದ್ದಾನೆ. ದೂರವೇನಲ್ಲ, ಬಸ್ಸು ಹತ್ತಿದರೆ ಹೋಗಿಬರಬಹುದು. ಆದರೂ ಮದುವೆಯಾದ ಹುಡುಗಿಯ ಮನೆಗೆ ಸೋದರತ್ತೆ ಎಷ್ಟು ಸಲ ಹೋಗಲಾದೀತು? ಮದುವೆಗೆ ಮುಂಚೆ ಎಲ್ಲರೂ ಒಂದು ದಿನ ಬೆಂಗಳೂರಿನ ಆಚೆಯ ದೊಡ್ಡ ಪಾರ್ಕಿಗೆ ಹೋಗಿ ಆಡಿ ಬರೋಣ ಎಂದು ಅನಿರುದ್ಧನೇ ಹೇಳಿದ. ಅಲ್ಲಿ ಚಕ್ರ ಇದೆಯಾ ಎಂದು ಸುಮಲತ ಕೇಳಿದ್ದು ಒಂದೇ ಪ್ರಶ್ನೆ. ಇದೆ ಎಂದ ಕೂಡಲೇ ಒಪ್ಪಿಕೊಂಡಳು.

ಪಾರ್ಕಿನ ಕೌಂಟರಿನಲ್ಲಿ ಆಕೆಯ ಅಂಗವಿಕಲರ ಕಾರ್ಡು ನೋಡಿದ ಹುಡುಗಿ ತುಂಬ ಮರ್ಯಾದೆಯಿಂದ ಕೈಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದಳು. ಇದಿದ್ದರೆ ನೀವು ಎಲ್ಲೂ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಪಕ್ಕದ ಗೇಟಿನಿಂದ ಸೀದಾ ಹೋಗಬಹುದು, ಜೊತೆಗೆ ಒಬ್ಬರನ್ನು ಕರೆದುಕೊಳ್ಳಬಹುದು ಎಂದು ವಿವರಿಸಿದಳು. ಕಾಂತರಾಜನಿಗೆ ಖುಷಿಯೋ ಖುಷಿ, ಅಕ್ಕನಿಗೆ ವಿಐಪಿ ಪಾಸು ಸಿಕ್ಕಿತೆಂದು ತಮಾಷೆ ಮಾಡಿದ. ಎಲ್ಲರೂ ನಕ್ಕರು, ಸುಮಲತಳೂ ನಕ್ಕಳು.

ಮೊದಲ ಆಟಕ್ಕೆ ಕಾಂತರಾಜ್ ಜೊತೆ ಬಂದ. ದೋಣಿಯಲ್ಲಿ ಕೂತರು, ದೋಣಿ ಜಾರಿತು, ಮುಖಕ್ಕೆ ನೀರು ರಾಚಿತು, ಮುಗಿಯಿತು. ಹೊರಗೆ ಬಂದು ಅಕ್ಕ ತಮ್ಮ ಕಲ್ಲು ಬೆಂಚಿನ ಮೇಲೆ ಕೂತರು. ಉಳಿದವರು ಇನ್ನೂ ಸಾಲಿನ ಅರ್ಧಕ್ಕೂ ಬಂದಿರಲಿಲ್ಲ. ಕಾಂತರಾಜ್ ಸ್ವಲ್ಪ ಹೊತ್ತು ಕೂತು, ಫೋನು ನೋಡಿ, ಟೀ ಕುಡಿದು ಬರುತ್ತೇನೆಂದು ಎದ್ದುಹೋದ. ಎರಡನೆಯದಕ್ಕೆ ರಾಧ ಬಂದಳು. ಅದೂ ಹಾಗೆಯೇ. ಆಕೆಗೆ ತಲೆ ಸುತ್ತು ಬಂದು ಗಂಡನನ್ನು ಹುಡುಕಿಕೊಂಡು ಹೋದಳು. ಸಾಲು ತಪ್ಪಿತೇ ಹೊರತು ಕಾಯುವುದು ತಪ್ಪಲಿಲ್ಲ. ಮೊದಲು ಆಡಿ ಮುಗಿಸಿದವಳೇ ಎಲ್ಲರಿಗಿಂತ ಹೆಚ್ಚು ಹೊತ್ತು ಕಾದಳು, ಅದೂ ಒಬ್ಬಳೇ. ಎದುರಿಗೆ ಸೌಂದರ್ಯಾ ಮತ್ತು ಅನಿರುದ್ಧ ಕಂಬಿಗೆ ಒರಗಿಕೊಂಡು, ಮುಂದೆ ಹಿಂದೆ ಇದ್ದ ಗೊತ್ತಿಲ್ಲದವರ ಜೊತೆಗೂ ಮಾತಾಡಿಕೊಂಡು ನಗುತ್ತಿದ್ದರು. ಬೂದಿಕೋಟೆಯ ಮೋರಿ ಕಟ್ಟೆ ಇಲ್ಲಿಗೂ ಹಿಂದೆಯೇ ಬಂದಿದೆ ಎಂದುಕೊಂಡಳು ಸುಮಲತ.

ಬಿಸಿಲು ಇಳಿಯುವ ಹೊತ್ತಿಗೆ ಚಕ್ರದ ಹತ್ತಿರ ಬಂದರು. ರಾಧ ಇನ್ನೂ ಸುಧಾರಿಸಿಕೊಂಡಿರಲಿಲ್ಲ, ಗಂಡ ಹೆಂಡತಿ ಪಾರ್ಕಿನ ಹೋಟೆಲಿನಲ್ಲೇ ಉಳಿದರು. ಚಕ್ರದ ಒಂದೊಂದು ತೊಟ್ಟಿಲಿನಲ್ಲೂ ನಾಲ್ವರು ಕೂರಬಹುದು. ಪಾಸಿನ ಲೆಕ್ಕದಲ್ಲಿ ಸುಮಲತಳ ಜೊತೆ ಒಬ್ಬರು. ಈ ಸಲ ಯಾರು? ಸುಮಲತ ಸೌಂದರ್ಯಾಳ ಮುಖ ನೋಡಿದಳು.

"ಅನಿರುದ್ಧ ಒಬ್ರೇ ಆಗ್ತಾರಲ್ಲ ಅತ್ತೆ" ಎಂದಳು ಹುಡುಗಿ. ಬೇರೆ ಯಾವ ಉದ್ದೇಶವೂ ಇರಲಿಲ್ಲ, ಅವಳಿಗೆ ಅನ್ನಿಸಿದ್ದನ್ನು ಹೇಳಿದಳು, ಅಷ್ಟೇ.

ಅನಿರುದ್ಧ ಪರವಾಗಿಲ್ಲ, ನೀವಿಬ್ಬರೂ ಹೋಗಿ ಎಂದ. ಆದರೆ ಹುಡುಗಿಯ ಕಾಲು ಅವನ ಪಕ್ಕದಿಂದ ಕದಲಲಿಲ್ಲ. ಸುಮಲತ ಕೈಪಟ್ಟಿಯನ್ನು ಸೆರಗಿನೊಳಗೆ ಸೇರಿಸಿದಳು. "ನಂಗೆ ಪಾಸು ಬ್ಯಾಡ. ನಾನೂ ಸಾಲಲ್ಲೇ ಬತ್ತೀನಿ. ಮೂರು ಜನಾನೂ ಒಟ್ಟಿಗೆ ಅತ್ತಾಣ" ಎಂದಳು. ಅಷ್ಟು ಹೊತ್ತು ಹೇಗೆ ನಿಲ್ಲುತ್ತೀಯ ಎಂದು ಸೌಂದರ್ಯಾ ಕೇಳಿದಾಗ, ಆಕೆ ಹೆಗಲಿನ ಚೀಲ ತೆಗೆದು ಹುಡುಗಿಯ ಹಿಂದೆ ನೆಲಕ್ಕಿಟ್ಟಳು. ಬ್ಲೌಸ್ ಚೂರುಗಳನ್ನು ಜೋಡಿಸಿ ತಾನೇ ಹೊಲಿದ ಚೀಲ, ಒಳಗೆ ನೀರಿನ ಬಾಟಲು, ಚಕ್ಕುಲಿ. ಇದನ್ನು ಸರಿಸಿಕೊಂಡು ಹೋಗು, ಹತ್ತಿರ ಬಂದಾಗ ನಾನು ಬಂದು ಸೇರಿಕೊಳ್ಳುತ್ತೇನೆ ಎಂದಳು. ಬೂದಿಕೋಟೆಯ ಹುಡುಗಿಗೆ ಇದಕ್ಕಿಂತ ಹೆಚ್ಚು ಹೇಳಬೇಕೇ? ನಗುತ್ತಾ ತಲೆಯಾಡಿಸಿದಳು.

ಸುಮಲತ ಎದುರಿನ ಬೆಂಚಿನ ಮೇಲೆ ಕೂತಳು. ಈ ಸಲ ಕೂತಿದ್ದರೂ ಕೂತ ಹಾಗಿರಲಿಲ್ಲ, ತಾನು ಅಲ್ಲಿ ಸಾಲಿನಲ್ಲಿದ್ದಳಲ್ಲ! ಸಾಲು ಕಂಬಿಗಳ ನಡುವೆ ಹೋಗಿ ತಿರುಗಿ ಬರುತ್ತಿತ್ತು. ಸೌಂದರ್ಯಾ ಕಾಲಲ್ಲಿ ಚೀಲ ಸರಿಸುತ್ತಿದ್ದಳು, ಸರಿಸಿ ಅತ್ತೆಯ ಕಡೆ ನೋಡುತ್ತಿದ್ದಳು. ಸುಮಲತ ಮನಸ್ಸಿನಲ್ಲೇ ಕೂರುವ ಜಾಗವನ್ನೂ ಗೊತ್ತುಮಾಡಿಕೊಂಡಳು. ಅನಿರುದ್ಧ ಎದುರಿಗೆ, ತಾನು ಹುಡುಗಿಯ ಪಕ್ಕಕ್ಕೆ. ಮೇಲಕ್ಕೆ ಹೋದಾಗ ಹುಡುಗಿ ಹೆದರಿ ಕೈ ಹಿಡಿದುಕೊಂಡರೂ ಹಿಡಿದುಕೊಂಡಳೇ.

ಎರಡನೆಯ ತಿರುವಿನಲ್ಲಿ ಅನಿರುದ್ಧ ಫೋನಿನಲ್ಲಿ ಏನೋ ತೋರಿಸಿದ. ಹೊಸ ಮನೆಯ ಫೋಟೋ ಇರಬೇಕು. ಎರಡು ತಲೆಗಳೂ ಅದರ ಮೇಲೆ ಬಾಗಿದವು. ಅಷ್ಟರಲ್ಲಿ ಚಕ್ರ ನಿಂತು, ತೊಟ್ಟಿಲುಗಳು ಒಂದರ ಹಿಂದೆ ಒಂದು ಖಾಲಿಯಾಗಿ, ಸಾಲು ಸರಸರನೆ ಮುಂದಕ್ಕೆ ಹೋಯಿತು. ಸೌಂದರ್ಯಾಳೂ ಹೋದಳು. ಚೀಲ ಅಲ್ಲೇ ಉಳಿಯಿತು.

ಸುಮಲತ ಕೂಗಿದಳು. ಮೈಕಿನ ಹಾಡಿನ ಅಬ್ಬರದಲ್ಲಿ ಯಾರಿಗೂ ಕೇಳಲಿಲ್ಲ. ಹಿಂದಿನವರು ಯಾರಾದರೂ ತಳ್ಳುತ್ತಾರೆಂದು ಕಾದಳು. ಒಬ್ಬರು ದಾಟಿದರು, ಇನ್ನೊಬ್ಬರು ಬಳಸಿಕೊಂಡು ಹೋದರು, ಮಗುವನ್ನೆತ್ತಿಕೊಂಡಿದ್ದ ಹೆಂಗಸು ಎಡವಿ ಬೈದುಕೊಂಡಳು. ನೀರಿನ ಘಟಕದ ಮುಂದೆ ಹೀಗಾಗಿದ್ದರೆ ಅಮ್ಮಾಜಮ್ಮ ಎಲ್ಲರ ಜನ್ಮ ಜಾಲಾಡಿಬಿಡುತ್ತಿದ್ದಳು. ಇಲ್ಲಿ ಸಾಲಿಗೆ ಸಾಲೇ ಚೀಲವನ್ನು ದಾಟಿ ಹೋಯಿತು.

ಅಷ್ಟರಲ್ಲಿ ಸೆಕ್ಯೂರಿಟಿಯವನ ಕಣ್ಣಿಗೆ ಅದು ಬಿತ್ತು. ಸೀಟಿ ಊದಿ ಯಾರದೀ ಚೀಲ ಎಂದು ಕೇಳಿದ. ಯಾರೂ ನನ್ನದು ಎನ್ನಲಿಲ್ಲ. ದಿಕ್ಕಿಲ್ಲದ ಚೀಲವೆಂದರೆ ಈಗಿನ ಕಾಲದಲ್ಲಿ ಹೆದರಿಕೆ. ಮುಟ್ಟಬೇಡಿ, ದೂರ ಸರಿಯಿರಿ ಎಂದು ಕೋಲು ಅಡ್ಡ ಹಿಡಿದ. ಜನ ಹಿಂದೆ ಸರಿದು, ನಡುವೆ ಆ ಬಣ್ಣಬಣ್ಣದ ಚೀಲವೊಂದೇ ಉಳಿಯಿತು. ಸುಮಲತ ಮೊಣಕಾಲು ಅದುಮಿಕೊಂಡು ಓಡಲಾಗುವಷ್ಟು ಓಡಿದಳು.

"ಅದು ನಾನು ಕಣಪ್ಪ" ಎಂದಳು.

"ಏನಮ್ಮ?"

"ಅದು ನಾನೇ. ನಾನೇ ನಿಂತಿರೋದು ಅಲ್ಲಿ."

ಜನ ನಕ್ಕರು. ಸೆಕ್ಯೂರಿಟಿಯವನು ಮಾತ್ರ ನಗಲಿಲ್ಲ. ಆಕೆಯ ಕಾಲು ನೋಡಿದ, ಸೆರಗಿನಿಂದ ಜಾರಿ ಹೊರಬಂದ ಕಿತ್ತಳೆ ಪಟ್ಟಿ ನೋಡಿದ. ಪಟ್ಟಿ ಇಟ್ಟುಕೊಂಡು ಯಾಕಮ್ಮ ಇಷ್ಟು ಕಷ್ಟಪಡುತ್ತೀರಿ ಎಂದು ಮರುಗಿದ. ಬೇಡಪ್ಪ, ನಮ್ಮ ಹುಡುಗಿ ಮುಂದೆ ಇದ್ದಾಳೆ, ಅವಳ ಜೊತೆ ಹತ್ತಬೇಕು ಎಂದಳು ಸುಮಲತ. ಆತ ಅವಸರದಲ್ಲಿದ್ದ, ಪುಣ್ಯದ ಕೆಲಸದ ಅವಸರ. ಚೀಲವನ್ನು ತಾನೇ ಎತ್ತಿಕೊಂಡು, ದಾರಿ ಬಿಡಿ ದಾರಿ ಬಿಡಿ ಎನ್ನುತ್ತಾ ಪಕ್ಕದ ಗೇಟಿನಿಂದ ಕರೆದೊಯ್ದ. ಸಾಲು ಪೂರ್ತಿ ಮರ್ಯಾದೆಯಿಂದ ಸರಿದು ನಿಂತಿತು. ಮೆಟ್ಟಿಲು ಹತ್ತುವಷ್ಟರಲ್ಲಿ ಸೌಂದರ್ಯಾ ಮತ್ತು ಅನಿರುದ್ಧ ಕೂತ ತೊಟ್ಟಿಲು ನೆಲ ಬಿಟ್ಟಿತ್ತು. ಅದರ ಹಿಂದಿನದರಲ್ಲಿ ಆಕೆಯನ್ನು ಕೂರಿಸಿ, ಆರಾಮಾಗಿ ಕೂತ್ಕೊಳ್ಳಿ ಎಂದು ಹೇಳಿ, ಬೇರೆ ಯಾರನ್ನೂ ಹತ್ತಿಸದೆ ಬಾಗಿಲು ಹಾಕಿದ.

ನಾಲ್ವರ ತೊಟ್ಟಿಲಿನಲ್ಲಿ ಸುಮಲತ ಒಬ್ಬಳೇ ಮೇಲಕ್ಕೆ ಹೋದಳು. ಇಷ್ಟು ವರ್ಷ ಕಾದ ಚಕ್ರ. ಕೆಳಗೆ ಊರುಕೇರಿ, ಹೊಲ, ರಸ್ತೆ ಎಲ್ಲ ಕಂಡವು. ಆಕೆ ನೋಡಿದ್ದು ಮುಂದಿನ ತೊಟ್ಟಿಲಿನ ಎರಡು ತಲೆಗಳನ್ನು. ಅಳು ಬಂತು. ಯಾರೂ ಇರಲಿಲ್ಲವಾದ್ದರಿಂದ ಅತ್ತಳು. ಅಷ್ಟರಲ್ಲಿ ಸೌಂದರ್ಯಾ ತಿರುಗಿದಳು, ಅತ್ತೆಯನ್ನು ಕಂಡಳು, ಮುಖ ಅರಳಿಸಿಕೊಂಡು ಎರಡೂ ಕೈ ಬೀಸಿದಳು. ಸುಮಲತ ಸೆರಗಿನಿಂದ ಮುಖ ಒರೆಸಿಕೊಂಡು ಕೈ ಬೀಸಿದಳು. ಇಳಿದ ಮೇಲೆ ಹುಡುಗಿ ಓಡಿಬಂದು ಅಪ್ಪಿಕೊಂಡು, ಪಾಸಿನಲ್ಲೇ ಬಂದೆಯಾ ಅತ್ತೆ, ಒಳ್ಳೆಯದಾಯಿತು, ಕಾಲಿಗೆ ನೋವಾಗಲಿಲ್ಲವಲ್ಲ ಎಂದಳು. ಚೀಲದ ಸುದ್ದಿ ಅವಳೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಸುಮಲತ ಬಾಗಿಲು ತೆರೆದರೆ ಹೊಸ್ತಿಲ ಪಕ್ಕ ತುಂಬಿದ ಕ್ಯಾನು ಇತ್ತು, ರಾತ್ರಿ ಕತ್ತಲಲ್ಲಿ ಬಂದಾಗ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ದಿನ ಆಕೆ ಊರಲ್ಲಿಲ್ಲದಿದ್ದರೂ ಅಮ್ಮಾಜಮ್ಮ ಸಾಲಿನಲ್ಲಿ ಇಟ್ಟು, ಸರಿಸಿ, ತುಂಬಿಸಿ, ಹೊತ್ತು ತಂದು ಇಟ್ಟಿದ್ದಳು. ಸುಮಲತ ಆ ನೀರನ್ನು ಮನೆಯ ಬಿಂದಿಗೆಗಳಿಗೆ ಬಗ್ಗಿಸಿ, ಖಾಲಿ ಕ್ಯಾನು ಹಿಡಿದು ಘಟಕಕ್ಕೆ ನಡೆದಳು. ಅಮ್ಮಾಜಮ್ಮನ ಕ್ಯಾನಿನ ಹಿಂದೆ ತನ್ನದನ್ನಿಟ್ಟು ಅಲ್ಲೇ ನಿಂತಳು.

"ಯಾಕ್ ನಿಂತ್ಯಮ್ಮಿ, ಓಗಿ ಕೂತ್ಕೋ" ಎಂದಳು ಅಮ್ಮಾಜಮ್ಮ.

"ಒಸಿ ಒತ್ತು ನಿಂತ್ಕೋತೀನಿ ಬಿಡು ಅಕ್ಕ."

ಅಮ್ಮಾಜಮ್ಮ ಅವಳ ಮುಖವನ್ನೊಮ್ಮೆ ನೋಡಿ ಒತ್ತಾಯ ಮಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ಚಕ್ರ ಅತ್ತಿದ್ಯಂತೆ. ಯಾರ್ ಜೊತೆ ಕೂತಿದ್ದೆ?"

"ಸೌಂದರ್ಯಾ ಜೊತೆ" ಎಂದಳು ಸುಮಲತ. "ಪಕ್ದಾಗೇ ಕೂತಿದ್ಲು. ಮೇಲಕ್ ಓದಾಗ ನನ್ ಕೈ ಇಡ್ಕಂಬುಟ್ಲು."

ಸಾಲು ಸರಿಯಿತು. ಅಮ್ಮಾಜಮ್ಮ ತನ್ನ ಕ್ಯಾನನ್ನು ತಳ್ಳಿ, ಅಭ್ಯಾಸದಂತೆ ಹಿಂದಿನದಕ್ಕೂ ಕಾಲು ಚಾಚಿದಳು. ಸುಮಲತ ಬೇಡವೆಂದು, ಮೊಣಕಾಲಿನ ಮೇಲೆ ಅಂಗೈ ಊರಿ, ತನ್ನ ಕ್ಯಾನನ್ನು ತಾನೇ ಮುಂದಕ್ಕೆ ಸರಿಸಿದಳು.